ಜವಾರಿ ಕೇಳಿಸದ ಮೇಲೆ

ಹಾನಗಲ್,
ಫೆಬ್ರವರಿ, ಶುಕ್ರವಾರ ರಾತ್ರಿ

ಪ್ರೀತಿಯ ಗೆಳೆಯಾ,

ಈ ಪತ್ರವನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ತಂಗೀ, ಅಪ್ಪನ ಹತ್ತಿರ ಕೂತು ನಿಧಾನವಾಗಿ ಓದವ್ವ. ನಡುವೆ ನಿಮ್ಮ ಅಜ್ಜಿಯ ಮಾತು ಬರುತ್ತದೆ. ಅಲ್ಲಿ ನಿನಗೂ ನನ್ನ ಮೇಲೆ ಸಿಟ್ಟು ಬಂದೀತು. ಬರಲಿ. ಆದರೆ ನಿಲ್ಲಿಸಬೇಡ, ಕೊನೆತನಕ ಓದು.

ಫೋನಿದ್ದೂ ಪತ್ರ ಯಾಕೆ ಅಂತ ಕೇಳುತ್ತೀ. ಫೋನಿನಲ್ಲಿ ನಿನ್ನ ದನಿ ಬರುತ್ತದೆ, ಮಾತು ಬರುವುದಿಲ್ಲ. ಏರಿಳಿತ ತಿಳಿಯುತ್ತದೆ, ನಗುತ್ತಿದ್ದೀಯೋ ಬೇಸರದಲ್ಲಿದ್ದೀಯೋ ಅದೂ ತಿಳಿಯುತ್ತದೆ, ಏನು ಅಂದೆ ಅನ್ನುವುದು ಮಾತ್ರ ತಿಳಿಯುವುದಿಲ್ಲ. ಸ್ವರಾಕ್ಷರ ಉಳಿದಿವೆ, ವ್ಯಂಜನ ಹೋಗಿವೆ. ಹಾಲು ಅಂದರೋ, ಕಾಲು ಅಂದರೋ, ಸಾಲು ಅಂದರೋ, ನನಗೆ ಮೂರೂ ಒಂದೇ. ಎದುರಿಗಿದ್ದವರ ತುಟಿ ನೋಡಿ ಬಿಟ್ಟ ಜಾಗ ತುಂಬಿಕೊಳ್ಳುತ್ತೇನೆ. ಫೋನಿಗೆ ತುಟಿ ಇಲ್ಲ.

ಇಷ್ಟು ಬಿಚ್ಚಿ ಇದನ್ನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಗೊತ್ತು, ಶಾಲೆಯಲ್ಲಿ ಗೊತ್ತಿಲ್ಲ. ನಿನಗೆ ಮೊದಲು ಹೇಳಬೇಕಿತ್ತು. ಹೇಳಲಿಲ್ಲ. ಅದರ ಬೆಲೆಯನ್ನು ನೀನೇ ತೆತ್ತೆ.

ಎರಡು ವರ್ಷದ ಹಿಂದಿನ ಆಗಸ್ಟ್ 14. ಮರುದಿನದ ಸಲುವಾಗಿ ಬೆಳಗಿನಿಂದ ಬ್ಯಾಂಡ್ ಸೆಟ್ಟಿನ ತಾಲೀಮು ನಡೆದಿತ್ತು. ಎರಡು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ಎರಡು ಜೊತೆ ಝಾಂಜು, ನನ್ನ ಬಾಯಲ್ಲಿ ಸೀಟಿ. ಮಧ್ಯಾಹ್ನದ ಹೊತ್ತಿಗೆ ಕಿವಿಯಲ್ಲಿ ಅರಳೆ ತುರುಕಿದಂತಾಗಿತ್ತು. ಆಗ ನಿನ್ನ ಫೋನು ಬಂತು. ಪಡಸಾಲೆಯ ತುದಿಗೆ ಹೋಗಿ ಎತ್ತಿದೆ. ನೀನು ಸಣ್ಣ ದನಿಯಲ್ಲಿ ಏನೋ ಹೇಳಿದೆ. ನನಗೆ ಸಿಕ್ಕಿದ್ದು ಎರಡೇ ಮಾತು: ಅವ್ವ, ಮನಿಗೆ. ನಿಮ್ಮವ್ವ ಹದಿನೈದು ದಿನದಿಂದ ದವಾಖಾನೆಯಲ್ಲಿದ್ದಳು. ಆರಾಮಾದಳು, ಮನೆಗೆ ಕರೆತಂದರು ಅಂತ ನಾನು ತಿಳಿದೆ. "ಛಲೋ ಆತ ಬಿಡು, ಭಾಳ ಛಲೋ ಆತು" ಅಂದೆ. ನೀನು ಸುಮ್ಮನಾದೆ. ಲೈನು ಕಟ್ಟಾಯಿತು ಅಂದುಕೊಂಡು ಫೋನು ಕಿಸೆಗೆ ಹಾಕಿ ಮತ್ತೆ ಡ್ರಮ್ಮಿನ ಮುಂದೆ ಹೋಗಿ ನಿಂತೆ.

ನೀನು ಹೇಳಿದ್ದೇನು ಅಂತ ತಿಳಿದದ್ದು ರಾತ್ರಿ, ಬೇರೊಬ್ಬ ಮಾಸ್ತರರು ವಾಟ್ಸಾಪಿನಲ್ಲಿ ಹಾಕಿದ ಸುದ್ದಿಯಿಂದ. ಅವ್ವ ಹೋದಳು, ಮನಿಗೆ ತಂದೀವಿ ಅಂದಿದ್ದೆ ನೀನು. ಅಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ನಾವಿಬ್ಬರೂ ಸಂಗೀತ ಕಲಿಯುತ್ತಿದ್ದ ಗದುಗಿನ ಪುಣ್ಯಾಶ್ರಮಕ್ಕೆ ವರ್ಷಕ್ಕೆರಡು ಸಲ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಅವ್ವ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ನಿನಗೊಂದು ಗಂಟು, ನನಗೊಂದು ಗಂಟು. ತಾಯಿ ಇಲ್ಲದ ನನ್ನ ತಲೆಗೆ ಎಣ್ಣೆ ಒತ್ತಿದವಳು. ಅವಳ ಮಣ್ಣಿಗೆ ನಾನು ಬರಲಿಲ್ಲ, ಅವಳ ಸಾವಿನ ಸುದ್ದಿಗೆ ಛಲೋ ಆತು ಅಂದೆ. ಮೂರನೆಯ ದಿನ ಬಂದಾಗ ನೀನು ಕಟ್ಟೆಯ ಮೇಲೆ ಕೂತಿದ್ದೆ. ನನ್ನ ಚಪ್ಪಲಿಯ ಸಪ್ಪಳದಿಂದಲೇ ಗುರುತು ಹಿಡಿದು ಮುಖ ಆಚೆ ತಿರುಗಿಸಿದೆ.

ಕೇಳಿಸಲಿಲ್ಲಪಾ, ನನ್ನ ಕಿವಿ ಹೋಗ್ಯಾವು. ಇಷ್ಟು ಅಂದಿದ್ದರೆ ನೀನು ನನ್ನ ಕೈ ಹಿಡಿದುಕೊಳ್ಳುತ್ತಿದ್ದೆ, ನನಗೆ ಗೊತ್ತು. ಆದರೆ ಸಂಗೀತದ ಮಾಸ್ತರ ಆ ಮಾತು ಹೇಗೆ ಆಡುವುದು? ಕಲ್ಲೆದೆಯವ ಅನ್ನಿಸಿಕೊಳ್ಳುವುದು ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಹಗುರ ಅಂತ ಅವತ್ತು ಅನ್ನಿಸಿತು. ಕ್ಷಮಿಸು ಅನ್ನುವುದಕ್ಕೂ ಮೊದಲು ನಿನಗೆ ಇದು ತಿಳಿಯಬೇಕು.

ತಂಗೀ, ಇಲ್ಲಿ ಸ್ವಲ್ಪ ನಿಲ್ಲು. ಅಪ್ಪ ಏನಾದರೂ ಅಂದರೆ ಅನ್ನಲಿ. ಆಮೇಲೆ ಮುಂದೆ ಓದು.

ಇದು ಒಂದು ದಿನದಲ್ಲಿ ಆದದ್ದಲ್ಲ. ನಾವಿಬ್ಬರೂ ನೌಕರಿಗೆ ಸೇರಿದಾಗ ಈ ಸೀಮೆಯೆಲ್ಲ ಇನ್ನೂ ಧಾರವಾಡ ಜಿಲ್ಲೆ. ಹಾವೇರಿ ಬೇರೆ ಆದದ್ದು 1997ರಲ್ಲಿ. ನಿನಗೆ ಹಿರೇಕೆರೂರು ತಾಲೂಕಿನಲ್ಲೇ ನೆಲೆ ಸಿಕ್ಕಿತು. ನಾನು ಸವಣೂರು, ಶಿಗ್ಗಾಂವಿ ತಿರುಗಿ ಕೊನೆಗೆ ಹಾನಗಲ್ಲಿಗೆ ಬಂದೆ. ಸವಣೂರು ತಾಲೂಕಿನ ಆ ಶಾಲೆಯಲ್ಲಿ ಸಂಗೀತಕ್ಕೆ ಕೊಟ್ಟದ್ದು ಪತ್ರಾಸಿನ ಕೋಣೆ. ಕೆಳಗೆ ಕಲ್ಲುಹಾಸು, ಮೇಲೆ ತಗಡು, ನಡುವೆ ಎರಡು ವರ್ಗ ಕೂಡಿಸಿ ಕೂರಿಸಿದ ತೊಂಬತ್ತು ಮಕ್ಕಳು. ಎತ್ತಿದ ದನಿ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯಿಂದ ಗೋಡೆಗೆ ಹಾಯ್ದು ಮತ್ತೆ ನಮ್ಮ ಕಿವಿಗೇ ಬರುತ್ತಿತ್ತು. ಇಷ್ಟಾದರೂ ನಾನೇ ಅನ್ನುತ್ತಿದ್ದೆ: "ಎದಿ ಬಿಚ್ಚಿ ಹಾಡ್ರಲೇ, ಆಚಿ ಓಣಿಗೆ ಕೇಳಸಬೇಕು." ದೊಡ್ಡ ದನಿಯೇ ತಯಾರಾದ ದನಿ ಅಂತ ಮಕ್ಕಳಿಗೆ ಕಲಿಸಿದವನು ನಾನೇ. ಪುಟ್ಟರಾಜ ಅಜ್ಜಾವರ ಎದುರು ಕೂತು ಮಂದ್ರದ ಷಡ್ಜ ಹಚ್ಚಿದವನು ಮಕ್ಕಳಿಗೆ ಕೂಗಲು ಕಲಿಸಿದೆ. ಇದು ನೆನಪಾದಾಗ ಈಗಲೂ ಮೈ ಮುದುಡುತ್ತದೆ.

ಶಿಗ್ಗಾಂವಿಯ ವರ್ಷಗಳು ಇನ್ನೂ ಜೋರು. ಷರೀಫರ ಶಿಶುನಾಳ ಅದೇ ತಾಲೂಕು, ಕನಕದಾಸರ ಬಾಡವೂ ಅದೇ ತಾಲೂಕು. ತತ್ವಪದ ಅಂದರೆ ಮಕ್ಕಳಿಗೆ ಜೀವ. ಏಕತಾರಿ, ದಮ್ಮಡಿಯ ಜೊತೆ ಮೆಲ್ಲಗೆ ಹಾಡಬೇಕಾದ ಪದಗಳು ಗ್ಯಾದರಿಂಗಿಗೆ ಬಂದಾಗ ಕೀಬೋರ್ಡು, ಪ್ಯಾಡು, ಎರಡಾಳೆತ್ತರದ ಸೌಂಡ್ ಬಾಕ್ಸು ಕಟ್ಟಿಕೊಂಡು ಬರುತ್ತಿದ್ದವು. ಮಕ್ಕಳು ಪದ ಮರೆತರೆ ಹೇಳಿಕೊಡಲು ನಾನು ವೇದಿಕೆಯ ಬದಿಗೆ, ಬಾಕ್ಸಿನ ಮಗ್ಗುಲಲ್ಲೇ ನಿಲ್ಲುತ್ತಿದ್ದೆ. ಕನಕ ಜಯಂತಿಯ ಮೆರವಣಿಗೆಯಲ್ಲಿ ಡೊಳ್ಳಿನ ಮೇಳದ ಮುಂದೆ ಹಿಮ್ಮುಖವಾಗಿ ನಡೆಯುತ್ತ ಹೆಜ್ಜೆ ತಿದ್ದುತ್ತಿದ್ದೆ. ಡೊಳ್ಳು ಎದೆಗೆ ಬಡಿಯುತ್ತದೆ ಅನ್ನುತ್ತೇವಲ್ಲ, ಬಡಿದದ್ದು ಎದೆಗೊಂದೇ ಅಲ್ಲ. ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್ ಅನ್ನುವುದು, ಬೆಳಿಗ್ಗೆ ಎದ್ದರೆ ಹೋಗಿರುವುದು. ಹೋಯಿತಲ್ಲ ಅಂತ ನಾನು ಮರೆಯುವುದು. ಹೀಗೆ ಎಷ್ಟೋ ವರ್ಷ.

ಒಂದು ದಿನ ಬೆಳಗಾದರೂ ಅದು ಹೋಗಲಿಲ್ಲ. ಈಗಲೂ ಇದೆ, ಇದನ್ನು ಬರೆಯುವಾಗಲೂ. ಜೀರುಂಡೆಯಂಥ ಒಂದೇ ಸಣ್ಣ ದನಿ, ಯಾವ ಶ್ರುತಿಗೂ ಕೂಡದ್ದು. ಊರಿನ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. "ಅದು ಅನಾಹತ ನಾದ ರೀ ಮಾಸ್ತರ, ಪುಣ್ಯವಂತರಿಗಷ್ಟ ಕೇಳತದ" ಅಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಾನೂ ಮೂರು ವರ್ಷ ನಂಬಿದೆ, ನಂಬಿಕೆಗಿಂತ ಸಮಾಧಾನ ಬೇಕಾಗಿತ್ತು. ಆ ಮೂರು ವರ್ಷದಲ್ಲಿ ಡಾಕ್ಟರ ಹತ್ತಿರ ಹೋಗಿದ್ದರೆ ಇದ್ದದ್ದಾದರೂ ಉಳಿಯುತ್ತಿತ್ತು.

ನಿಜ ತಿಳಿಸಿದವಳು ಎಂಟನೇ ವರ್ಗದ ಒಬ್ಬ ಹುಡುಗಿ. ಪ್ರತಿಭಾ ಕಾರಂಜಿಗೆ ಅವಳನ್ನು ತಯಾರು ಮಾಡುತ್ತಿದ್ದೆ. ಯಂತ್ರದ ಶ್ರುತಿ ಬೇಡ ಅಂತ ಮನೆಯಿಂದ ನನ್ನ ಮಿರಜಿನ ತಂಬೂರಿ ತಂದು ಕೂಡಿಸಿಕೊಟ್ಟೆ. ಮೀಟಿದಳು, ನಿಲ್ಲಿಸಿದಳು. "ಸರ್, ಜೋಡ ಕೂಡಿಲ್ರೀ" ಅಂದಳು. ನಡುವಿನ ಎರಡು ತಂತಿ ಒಂದಕ್ಕೊಂದು ಕೂಡಿರಲಿಲ್ಲ. ನನ್ನ ಕಿವಿಗೆ ಕೂಡಿತ್ತು. ಗದರಿಸಿ ಕೂರಿಸಿದೆ. ಅವಳು ಅಳುತ್ತಲೇ ಆ ತಪ್ಪು ಶ್ರುತಿಗೆ ಹಾಡಿದಳು. ಮನೆಗೆ ಬಂದು ಯಂತ್ರದ ಪಕ್ಕ ತಂಬೂರಿ ಇಟ್ಟು ಮೊಬೈಲಿನಲ್ಲಿ ನೋಡಿದೆ. ಅವಳ ಮಾತೇ ಖರೆ. ಆಮೇಲೆ ತಂಬೂರಿಗೆ ಕಿವಿ ಹಚ್ಚಿ ಕೂತೆ. ದಾರ ಸರಿಸಿದೆ, ಮತ್ತೆ ಸರಿಸಿದೆ. ತಂತಿ ಮಿಡಿದ ಸಪ್ಪಳ ಬರುತ್ತಿತ್ತು, ಜವಾರಿ ಬರುತ್ತಿರಲಿಲ್ಲ. ಕುದುರೆಯ ಮೇಲೆ ದಾರ ಕೂತಾಗ ತಂತಿಯ ಮೈಯಿಂದ ಜೇನು ಹುಟ್ಟು ಎದ್ದಂತೆ ಏಳುತ್ತದಲ್ಲ, ಅದು ಇಲ್ಲ. ತಂಬೂರಿ ಕೆಟ್ಟಿತು ಅಂತ ಹೆಂಡತಿಯನ್ನು ಕರೆದು ಕೇಳಿಸಿದೆ. "ಛಂದ ಬಾರಸ್ತದಲ್ರೀ" ಅಂದಳು.

ಆ ರಾತ್ರಿ ನೀನು ಬಹಳ ನೆನಪಾದೆ. ಆಶ್ರಮದಲ್ಲಿ ಎಲ್ಲರ ತಂಬೂರಿಯೂ ನಿನ್ನ ಹತ್ತಿರವೇ ಬರುತ್ತಿದ್ದವು. ನೀನು ತುಂಬಿಗೆ ಕೆನ್ನೆ ಹಚ್ಚಿ, ಉಸಿರು ಹಿಡಿದು, ಮಣಿ ಒಂದು ಕೂದಲೆಳೆ ಸರಿಸಿ "ಹಾಂ, ಈಗ ಜೀವ ಬಂತು" ಅನ್ನುತ್ತಿದ್ದೆ.

ಆಮೇಲೆ ಹುಬ್ಬಳ್ಳಿಗೆ ಹೋದೆ. ಕಿವಿ ಪರೀಕ್ಷೆ ಮಾಡಿದವಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಲಿತ ಹುಡುಗಿ, ನಿನ್ನ ಮಗಳ ವಾರಿಗೆಯವಳು. ಕಾಗದದ ಮೇಲೆ ನನ್ನ ಕಿವಿಯ ಗೆರೆ ತೆಗೆದು ತೋರಿಸಿದಳು. ಗೆರೆ ಸಮನಾಗಿ ಬಂದು 4000 ಅನ್ನುವಲ್ಲಿ ಹೊಂಡಕ್ಕೆ ಬಿದ್ದು, 8000ಕ್ಕೆ ಮತ್ತೆ ತುಸು ಏಳುತ್ತದೆ. "ವಯಸ್ಸಿಂದ ಹೋಗೋದು ಇಳಿಜಾರಿನ ಹಾಗೆ ಇಳೀತಾನೇ ಹೋಗುತ್ತೆ ಸರ್. ಹೀಗೆ ಹೊಂಡ ಬಿದ್ದರೆ ಅದು ಹೆಚ್ಚಾಗಿ ಸಪ್ಪಳದ ಗುರುತು. ನೀವು ಕಾರ್ಖಾನೆಯಲ್ಲಿ ಇದ್ದಿರಾ?" ಅಂತ ಕೇಳಿದಳು. ಸಂಗೀತದ ಮಾಸ್ತರ ಅಂದೆ. ಅವಳು ಪೆನ್ನು ಕೆಳಗಿಟ್ಟಳು.

ನಿನಗೆ ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಕಾಳಿ ಒಂದರ ಮಧ್ಯ ಷಡ್ಜ ಅಂದರೆ ಕ್ಷಣಕ್ಕೆ ಸುಮಾರು 277 ಕಂಪನ. ಅಲ್ಲಿಂದ ನಾಲ್ಕು ಸಪ್ತಕಕ್ಕೆ ತುಸು ಕಡಿಮೆ ಏರಿದರೆ ನನ್ನ ಹೊಂಡ. ಅಲ್ಲಿ ಯಾರೂ ಹಾಡುವುದಿಲ್ಲ, ಅಲ್ಲಿಗೆ ಯಾವ ಹಾರ್ಮೋನಿಯಂ ಪೆಟ್ಟಿಗೆಯ ಮನೆಯೂ ಇಲ್ಲ. ಹಾಗಾದರೆ ನಮಗೇನು ನಷ್ಟ ಅಂತ ನಾನೂ ಕೇಳಿದೆ. ಜವಾರಿ ಇರುವುದು ಅಲ್ಲೇ. ತಂತಿಯ ಮೂಲ ನಾದದ ಮೇಲೆ ಹುಟ್ಟುವ ಸಣ್ಣ ಸಣ್ಣ ನಾದಗಳು ಅಷ್ಟೆತ್ತರದವರೆಗೆ ಏರಿ ಹೋಗಿರುತ್ತವೆ. ಜೋಡ ಕೂಡಿದೆಯೋ ಇಲ್ಲವೋ ಅಂತ ನಾವು ನಿರ್ಧರಿಸುವುದು ಅವುಗಳ ಅಲುಗಾಟ ಕೇಳಿ. ಮಾತಿನಲ್ಲಿ ಸ, ಶ, ತ, ಕ ಇರುವುದೂ ಎತ್ತರದಲ್ಲೇ. ಒಂದೇ ಹೊಂಡದಲ್ಲಿ ಜವಾರಿಯೂ ಬಿತ್ತು, ಅವ್ವನ ಸುದ್ದಿಯೂ ಬಿತ್ತು.

ಒಳಗಿವಿ ಶಂಖದ ಹಾಗೆ ಎರಡೂವರೆ ಸುತ್ತು. ಅದರೊಳಗೆ ಕೂದಲಿನಂಥ ಎಳೆಗಳಿರುವ ಕಣಗಳು, ಒಂದೊಂದು ಕಿವಿಗೆ ಹದಿನೈದು ಸಾವಿರದ ಆಸುಪಾಸು. ಎತ್ತರದ ಸ್ವರಗಳಿಗೆ ಬಾಗಿಲಿನ ಹತ್ತಿರದ ಕಣಗಳು, ತಗ್ಗಿನವಕ್ಕೆ ಒಳತುದಿಯವು. ಒಮ್ಮೆ ತುಳಿದ ಕರಿಕೆ ಮರುದಿನ ತಲೆಯೆತ್ತುತ್ತದೆ, ದಿನಾ ತುಳಿದ ಕಡೆ ಕಾಲುದಾರಿ ಬೀಳುತ್ತದೆ. ಗ್ಯಾದರಿಂಗಿನ ಮರುದಿನ ಗುಂಯ್ ನಿಲ್ಲುತ್ತಿದ್ದದ್ದು ಕರಿಕೆ ಎದ್ದದ್ದು. ನಿಲ್ಲದೇ ಹೋದದ್ದು ಕಾಲುದಾರಿ. ಮನುಷ್ಯರಲ್ಲಿ ಆ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವಂತೆ.

ಎಷ್ಟು ಸಪ್ಪಳ ಎಷ್ಟು ಹೊತ್ತು ಅನ್ನುವುದಕ್ಕೂ ಒಂದು ಲೆಕ್ಕವಿದೆ, ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯದು. 85 ಡೆಸಿಬಲ್ಲಿಗೆ ದಿನಕ್ಕೆ 8 ತಾಸು. ಆಮೇಲೆ 3 ಏರಿದಾಗಲೆಲ್ಲ ಹೊತ್ತು ಅರ್ಧ: 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ ಒಂದು, 100ಕ್ಕೆ 15 ನಿಮಿಷ. ವಿಲಂಬಿತದಿಂದ ಮಧ್ಯಕ್ಕೆ, ಮಧ್ಯದಿಂದ ದ್ರುತಕ್ಕೆ ಹೋದಾಗ ಮಾತ್ರೆ ಅರ್ಧವಾಗುವ ಹಾಗೆ. ನಮ್ಮ ದೇಶದ ಕಾರ್ಖಾನೆಗಳಿಗೆ 8 ತಾಸಿಗೆ 90 ಅಂತ ಗೆರೆ ಎಳೆದಿದ್ದಾರೆ. ಶಾಲೆಗೂ ಒಂದು ನಿಯಮ ಇದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಶಾಲೆಯ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯ ಮಾಡಬಹುದು, ಅಲ್ಲಿ ಹಗಲು 50 ಡೆಸಿಬಲ್ ದಾಟಬಾರದು. ಅದು ಬೀದಿಯ ಸಪ್ಪಳಕ್ಕೆ ಹಾಕಿದ ಬೇಲಿ. ಬೇಲಿಯೊಳಗೆ ಪತ್ರಾಸಿನ ಕೆಳಗೆ ಕೂತ ಮಾಸ್ತರನ ಕಿವಿಯನ್ನು ಯಾರೂ ಅಳೆದಿಲ್ಲ. ಕೆನಡಾದ ಟೊರೊಂಟೊ ಕಡೆ ಅಳೆದರಂತೆ, 15 ಶಾಲೆಗಳ 18 ಸಂಗೀತ ಶಿಕ್ಷಕರನ್ನು. 2004ರಲ್ಲಿ ಅದು ಪ್ರಕಟವಾಯಿತು. ಪಾಠದ ಹೊತ್ತಿನಲ್ಲಿ ಅವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದು 85ಕ್ಕಿಂತ ಮೇಲೆ. ಇದನ್ನು ಕೇಳಿದಾಗ ನನಗೆ ದುಃಖಕ್ಕಿಂತ ಒಂಥರ ಬಿಡುಗಡೆ ಆಯಿತು. ಇದು ನನ್ನ ಪಾಪವೂ ಅಲ್ಲ, ಸಾಧನೆ ಕಡಿಮೆಯಾದದ್ದೂ ಅಲ್ಲ. ಬಡಿಗನ ಬೆರಳಿಗೆ ಉಳಿ ತಾಗುವ ಹಾಗೆ ನಮ್ಮ ಕಸುಬು ನಮ್ಮ ಕಿವಿಗೆ ತಾಗಿದೆ.

ಬೀಥೋವನ್ ಅನ್ನುವ ಜರ್ಮನ್ ಸಂಗೀತಗಾರನ ಹೆಸರು ನೀನು ಕೇಳಿದ್ದೀ. ಮೂವತ್ತೊಂದು ವರ್ಷದವನಿದ್ದಾಗ, 1802ರಲ್ಲಿ, ಅವನು ತನ್ನ ತಮ್ಮಂದಿರಿಗೆ ಒಂದು ಪತ್ರ ಬರೆದ. ಜನ ನನ್ನನ್ನು ಸಿಡುಕ, ಯಾರನ್ನೂ ಸೇರದವ ಅನ್ನುತ್ತಾರೆ, ಕಿವಿ ಕೇಳಿಸುವುದಿಲ್ಲ ಅಂತ ಅವರ ಮುಂದೆ ನಾನು ಹೇಗೆ ಹೇಳಲಿ ಅನ್ನುವುದು ಅದರ ಸಾರ. ಅವನ ಕಿವಿ ಸಪ್ಪಳದಿಂದ ಹೋದದ್ದಲ್ಲ, ಬೇರೆ ಏನೋ ಬೇನೆ. ಆದರೆ ಮುಚ್ಚಿಟ್ಟ ಬಗೆ ನನ್ನದೇ. ಆ ಪತ್ರವನ್ನು ಅವನು ಕಳಿಸಲೇ ಇಲ್ಲ; 1827ರಲ್ಲಿ ತೀರಿಕೊಂಡ ಮೇಲೆ ಅವನ ಕಾಗದಪತ್ರಗಳಲ್ಲಿ ಸಿಕ್ಕಿತು. ನನ್ನದನ್ನು ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ.

ಇಲ್ಲಿಯವರೆಗೆ ನನ್ನದಾಯಿತು. ನಾನು ಇಷ್ಟೆಲ್ಲ ಬರೆದದ್ದು ಇದರ ಮುಂದಿನದಕ್ಕಾಗಿ.

ಕಳೆದ ತಿಂಗಳು ಅಕ್ಕಿಆಲೂರಿನ ಕಾರ್ಯಕ್ರಮಕ್ಕೆ ನೀನು ಬಂದಿದ್ದೆ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ನಿನಗೆ ಗೊತ್ತಿಲ್ಲ. ತಬಲಾದವನಿಗೆ ಮೂರು ಸಲ ಚಾಟಿ ಬಾರಿಸಲು ಹೇಳಿದೆ. ಮೊದಲಾದರೆ ನಿನಗೆ ಒಂದು ಪೆಟ್ಟು ಸಾಕಾಗುತ್ತಿತ್ತು. ಮೈಕಿನವನಿಗೆ ಎರಡು ಸಲ ಏರಿಸು ಅಂದೆ. ಮುಂದೆ ಕೂತ ಮಕ್ಕಳು ಕಿವಿ ಮುಚ್ಚಿಕೊಂಡರು, ನಿನಗೆ ಅದು ಕಾಣುವ ಹಾಗಿಲ್ಲ. ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಹಾಡು ಮುಗಿಸಿ ಇಳಿದು ಬರುವಾಗ ನಿನ್ನ ಬಲಭುಜ ಕಂಬಕ್ಕೆ ಬಡಿಯಿತು. ಸಾವರಿಸಿಕೊಂಡು ನಕ್ಕುಬಿಟ್ಟೆ, ಹಿಡಿದುಕೊಂಡ ಹುಡುಗನಿಗೆ ಏನಿಲ್ಲ ಬಿಡು ಅಂದೆ. ನಾನು ಕೂತಲ್ಲೇ ಬೆವರಿದೆ.

ನೀನು ಕಂಬಕ್ಕೆ ಬಡಿದುಕೊಂಡದ್ದನ್ನು ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ಆಶ್ರಮದ ಓಣಿಯಲ್ಲಿ ನನ್ನ ಕೈ ಬಿಟ್ಟು ನಡೆಯುತ್ತ "ಗ್ವಾಡಿ ಬಂತು" ಅಂತ ಎರಡು ಹೆಜ್ಜೆ ಮೊದಲೇ ನಿಲ್ಲುತ್ತಿದ್ದವನು ನೀನು. ಹೇಗೆ ತಿಳಿಯಿತೋ ಅಂದರೆ ಕೆನ್ನೆಗೆ ಹತ್ತತದಲೇ ಅನ್ನುತ್ತಿದ್ದೆ. ಆ ಹುಬ್ಬಳ್ಳಿಯ ಹುಡುಗಿಗೆ ಈ ಮಾತು ಹೇಳಿದಾಗ ಅವಳು ಹಳೆಯ ಒಂದು ಪರೀಕ್ಷೆಯ ಸಂಗತಿ ಹೇಳಿದಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು, 1944ರಲ್ಲಿ ಪ್ರಕಟವಾದದ್ದು. ಕಣ್ಣಿಲ್ಲದವರನ್ನೂ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರನ್ನೂ ಗೋಡೆಯ ಕಡೆ ನಡೆಯಲು ಹೇಳಿದರು. ಅವರೂ ನಿನ್ನ ಹಾಗೆ ಗೋಡೆ ಮುಖಕ್ಕೆ ತಿಳಿಯುತ್ತದೆ ಅಂತಲೇ ನಂಬಿದ್ದರು. ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿದರೂ ಗೋಡೆಯ ಮುಂದೆ ನಿಂತರು. ಕಿವಿ ಮುಚ್ಚಿದಾಗ ಹೋಗಿ ಬಡಿದುಕೊಂಡರು. ಹೆಜ್ಜೆಯ ಸಪ್ಪಳ ಗೋಡೆಗೆ ತಾಗಿ ತಿರುಗಿ ಬರುವುದನ್ನು ಕಿವಿ ಹಿಡಿಯುತ್ತಿತ್ತು, ಮನಸ್ಸು ಅದನ್ನು ಕೆನ್ನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿತ್ತು. ಆರು ವರ್ಷದ ಮೇಲೆ ಅಲ್ಲಿಯವರೇ ಇನ್ನೊಂದು ಕಂಡುಕೊಂಡರು. ಆ ಕೆಲಸಕ್ಕೆ ಬೇಕಾದದ್ದು ಬಹಳ ಎತ್ತರದ ನಾದ, ನನ್ನ ಹೊಂಡಕ್ಕಿಂತಲೂ ಮೇಲಿನದು.

ಗೆಳೆಯಾ, ನನಗೆ ಹೋದದ್ದು ಜವಾರಿ. ನಿನಗೆ ಹೋಗುತ್ತಿರುವುದು ಗೋಡೆ. ರಸ್ತೆಯಲ್ಲಿ ಬರುವ ಮೋಟಾರ್ ಸೈಕಲ್ಲು. ನಿಮ್ಮೂರ ದುರ್ಗಾದೇವಿ ಕೆರೆಯ ದಂಡೆಯ ಮೇಲೆ ನೀನು ಒಬ್ಬನೇ ಬೆಳಿಗ್ಗೆ ಅಡ್ಡಾಡಲು ಹೋಗುವುದನ್ನು ನೆನೆದರೆ ಈಗ ನನಗೆ ನಿದ್ದೆ ಬರುವುದಿಲ್ಲ. ಇದು ಬರೀ ನನ್ನ ಅಂಜಿಕೆ ಇದ್ದೀತು, ಕಿವಿಯಲ್ಲಿ ಮೇಣ ಕೂತಿದ್ದೀತು. ಹಾಗೇ ಆಗಲಿ. ಆದರೆ ನೋಡಿಸಬೇಕು. ಹಿರೇಕೆರೂರು ಸೀಮೆಯಲ್ಲಿ ಎಷ್ಟು ಮಕ್ಕಳಿಗೆ ಕಲಿಸಿದೆ ನೀನು, ಎಂಥ ಕೋಣೆಗಳಲ್ಲಿ ಕೂತು ಕಲಿಸಿದೆ, ನನಗೆ ಗೊತ್ತು. ಅವು ನನ್ನ ಕೋಣೆಗಳಿಗಿಂತ ಬೇರೆ ಅಲ್ಲ.

ನಮ್ಮ ಹಾನಗಲ್ ತಾಲೂಕಿನ ಮಣ್ಣನ್ನು ಒಮ್ಮೆ ನೆನೆ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದರು, ಕಣ್ಣಿಲ್ಲದೆ. ಅವರ ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು ಆ ಮಕ್ಕಳ ಕಿವಿಯನ್ನು ಗುರುತಿಸಿದರು. ಇಪ್ಪತ್ತೆರಡು ವರ್ಷದ ಮೇಲೆ ಇದೇ ಸೀಮೆಯಲ್ಲಿ ನಮ್ಮ ಪುಟ್ಟರಾಜ ಅಜ್ಜಾವರು. ಕೂಸಿದ್ದಾಗಲೇ ಕಣ್ಣು ಹೋಯಿತು. ಕಿವಿಯೊಂದನ್ನೇ ಹಿಡಿದು ಅವರು ಎಷ್ಟು ವಾದ್ಯ ನುಡಿಸಿದರು, ಎಷ್ಟು ನಾಟಕ ಬರೆಸಿದರು, ನಮ್ಮಂಥ ಎಷ್ಟು ಮಂದಿಗೆ ಅನ್ನ ಹಾಕಿ ಕಲಿಸಿದರು! ಅಲ್ಲಿ ಕಲಿತ ಕಣ್ಣಿಲ್ಲದವರು ಇವತ್ತು ಊರೂರ ಶಾಲೆಗಳಲ್ಲಿ ಸಂಗೀತದ ಮಾಸ್ತರರಾಗಿದ್ದಾರೆ. ನಿನ್ನ ಪರೀಕ್ಷೆ ಆದರೆ ಅವರೆಲ್ಲರಿಗೂ ಹೇಳಲು ನಮಗೆ ಬಾಯಿ ಬರುತ್ತದೆ.

ಅಜ್ಜಾವರು ಹುಟ್ಟಿದ್ದು 1914ರ ಮಾರ್ಚ್ 3. ಅದೇ ಮಾರ್ಚ್ 3 ಈಗ ವಿಶ್ವ ಶ್ರವಣ ದಿನ. ಮೂರನೆಯ ತಿಂಗಳ ಮೂರನೆಯ ದಿನ ಯಾಕೆಂದರೆ 3 ಅನ್ನುವ ಅಂಕಿ ಕಿವಿಯ ಆಕಾರದಲ್ಲಿದೆ. ಎರಡು ಬರೆದರೆ ಎರಡು ಕಿವಿ. ಅವತ್ತು ನಿನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸುತ್ತೇನೆ. ಪುಣ್ಯತಿಥಿಗೆ ಗದುಗಿಗೆ ಹೋಗುತ್ತೇವೆ, ಈ ಸಲ ಅವರು ಹುಟ್ಟಿದ ದಿನಕ್ಕೆ ಹುಬ್ಬಳ್ಳಿಗೆ ಹೋಗೋಣ. ಅವತ್ತಿಗೆ ಇಬ್ಬರ ಹೆಸರೂ ಬರೆಸಿದ್ದೇನೆ.

ತಂಗೀ, ಇದು ನಿನಗೆ. ಮಾರ್ಚ್ 2ರ ಸಂಜೆಯಿಂದ ಅಪ್ಪನ ಕೈಗೆ ಪೆಟ್ಟಿಗೆ, ತಬಲಾ ಕೊಡಬೇಡ. ಅವತ್ತು ಶಾಲೆಯಲ್ಲೂ ಗದ್ದಲದ ಕಡೆ ಹೋಗದಂತೆ ನೋಡು. ಕಿವಿಗೆ ಹದಿನಾಲ್ಕು ಹದಿನಾರು ತಾಸು ವಿಶ್ರಾಂತಿ ಕೊಟ್ಟು ಹೋದರೆ ಗೆರೆ ಸರಿಯಾಗಿ ಬರುತ್ತದೆ. ಸಪ್ಪಳವಿಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿ ಒಂದೊಂದೇ ನಾದ ಕೇಳಿಸುತ್ತಾರೆ, ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೇ. ಅರ್ಧ ತಾಸಿನ ಕೆಲಸ.

ಆ ತನಕ ಶಾಲೆಯಲ್ಲಿ ಇಷ್ಟು ಮಾಡು. ನಾನು ಮಾಡಿ ನೋಡಿದ್ದನ್ನೇ ಹೇಳುತ್ತೇನೆ. ಎರಡು ವರ್ಗ ಕೂಡಿಸಿ ಕೊಟ್ಟರೆ ಒಲ್ಲೆ ಅನ್ನು. ಹಾಳಾದ ಕೌದಿಗಳನ್ನು ಗೋಡೆಗೆ ಇಳಿಬಿಡಿಸು. ನಮ್ಮ ಕೋಣೆಯಲ್ಲಿ ನಾಲ್ಕು ಹಾಕಿದ ಮೇಲೆ ದನಿ ತಿರುಗಿ ಬಂದು ಹೊಡೆಯುವುದು ನಿಂತಿದೆ, ಮಕ್ಕಳೂ ತಾವಾಗಿಯೇ ಮೆಲ್ಲಗೆ ಹಾಡುತ್ತಾರೆ. ಹವೆ ಚೆನ್ನಾಗಿದ್ದರೆ ಬೇವಿನ ಗಿಡದ ಬುಡಕ್ಕೆ ನಡೆ. ಲೇಜಿಮ್, ಬ್ಯಾಂಡ್ ಬಯಲಿಗೇ ಇರಲಿ, ನೀನು ದೂರ ನಿಲ್ಲು. ತಬಲಾದ ಹುಡುಗನನ್ನು ನಿನ್ನ ಬಲಕ್ಕೆ ಒತ್ತಿ ಕೂರಿಸಿಕೊಳ್ಳಬೇಡ. ನಮ್ಮ ಪದ್ಧತಿ ಹಾಗೇ ಇದೆ, ನನ್ನ ಬಲಗಿವಿ ಹೆಚ್ಚು ಕೆಟ್ಟದ್ದೂ ಅದಕ್ಕೇ ಇರಬೇಕು. ಕಿವಿಗೆ ಅರಳೆ ಇಟ್ಟುಕೊಂಡರೆ ಹೆಚ್ಚು ಉಪಯೋಗವಿಲ್ಲ. ವಾದ್ಯದವರಿಗೆ ಅಂತಲೇ ಮಾಡಿದ ಬೆಣೆಗಳು ಸಿಗುತ್ತವೆ, ಸ್ವರ ಕೆಡಿಸದೆ ಸಪ್ಪಳ ತಗ್ಗಿಸುತ್ತವೆ. ಪಾಠದಲ್ಲಷ್ಟೇ ಹಾಕಿಕೋ. ನಡೆಯುವಾಗ ಬೇಡ, ನಡೆಯುವಾಗ ನಿನಗೆ ಎರಡೂ ಕಿವಿ ಬೇಕು.

ನಾನು ಕಿವಿಗೆ ಶ್ರವಣ ಯಂತ್ರ ಹಾಕಿಕೊಂಡು ಮೂರು ತಿಂಗಳಾಯಿತು. ಮಾತಿಗೆ ಅನುಕೂಲವಾಗಿದೆ, ಎದುರಿಗಿರುವವರ ಹಾಲು ಹಾಲೇ, ಸಾಲು ಸಾಲೇ. ಸಂಗೀತಕ್ಕೆ ಅದು ಒಗ್ಗಿಲ್ಲ, ಮಾತಿಗೆ ಅಂತ ಮಾಡಿದ್ದದು. ಪೆಟ್ಟಿಗೆಯ ದನಿ ತಗಡಿನಂತೆ ಬರುತ್ತದೆ. ಸರಿಮಾಡಬಹುದು, ಮತ್ತೆ ಬನ್ನಿ ಅಂದಿದ್ದಾರೆ. ನಮ್ಮ ಶಾಲೆಯಲ್ಲಿ ಈಗ ತಂಬೂರಿ ಕೂಡಿಸುವವಳು ಒಂಬತ್ತನೇ ವರ್ಗದ ಹುಡುಗಿ. ಜೋಡ ಕೂಡಿತೇನವ್ವ ಅಂತ ನಾನು ಕೇಳುತ್ತೇನೆ, ಕೂಡೇತ್ರೀ ಅಂದ ಮೇಲೆ ಪಾಠ ಶುರು. ಗದರಿಸಿದ ಆ ಹಳೆಯ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಅವಳ ಮನೆಗೆ ಹೋಗಿ ಅವಳ ಮಾತೇ ಖರೆ ಇತ್ತು ಅಂತ ಹೇಳಿ ಬಂದೆ. ಸೋಮವಾರ ಶಾಲೆಯಲ್ಲೂ ಹೇಳುತ್ತೇನೆ.

ಮಾರ್ಚ್ 3ರ ಬೆಳಿಗ್ಗೆ ಎಂಟಕ್ಕೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ, ಹುಬ್ಬಳ್ಳಿ ಬಸ್ಸು ನಿಲ್ಲುವ ಕಡೆ ನಾನು ನಿಂತಿರುತ್ತೇನೆ. ಮಗಳು ನಿನ್ನನ್ನು ಅಲ್ಲಿಗೆ ತಲುಪಿಸಲಿ. ಬರುವುದಾದರೆ ಅವಳ ಕೈಲಿ ಎರಡು ಸಾಲು ಬರೆಸಿ ಮೊಬೈಲಿಗೆ ಕಳಿಸು, ಫೋನು ಮಾಡಬೇಡ. ಅವ್ವನ ಬಗ್ಗೆ ನೀನು ಏನು ಅನ್ನಬೇಕೋ ಅದನ್ನು ಬಸ್ಸಿನಲ್ಲಿ ಅನ್ನು, ಬಂಕಾಪುರ ಬರುವ ತನಕ ನಾನು ಬಾಯಿ ತೆರೆಯುವುದಿಲ್ಲ. ಇಷ್ಟು ವರ್ಷ ನೀನು ನನ್ನ ಬಲತೋಳು ಹಿಡಿದು ನಡೆದಿದ್ದೀ. ಇನ್ನು ಮೇಲೆ ಎಡಗಡೆ ಬಾ. ಆ ಕಿವಿಗೆ ನೀನು ಅಂದದ್ದು ಇನ್ನೂ ಕೇಳಿಸುತ್ತದೆ.

ನಿನ್ನ,
ಗುರುಬಂಧು